ಪೆಟ್ಟಿಗೆಯೊಳಗೊಂದು ಕೊಲೆ: ಅಪರಾಧ ಪತ್ತೆ ಕಿಟ್ ಬಗ್ಗೆ ಹಳೆಯ ಸಹಿ ಪರೀಕ್ಷಕನೊಬ್ಬನ ತಕರಾರು

ಕಪ್ಪು ಪುಡಿ ಇನ್ನೂ ನನ್ನ ಕನ್ನಡಕದ ತಿರುಪಿನಲ್ಲಿ ಕೂತಿದೆ. ಮೂರು ವಾರ ಒರೆಸಿದರೂ ಹೋಗಿಲ್ಲ. ಬೆರಳಚ್ಚು ಎಬ್ಬಿಸುವ ಪುಡಿಯ ಡಬ್ಬಿಯ ಮೇಲೆ ‘ಚಿಟಿಕೆಯಷ್ಟೇ ಸಾಕು’ ಎಂದು ಬರೆದಿದ್ದರು. ನಾನು ಅದನ್ನು ಓದಿದ್ದು ಡಬ್ಬಿ ಅರ್ಧ ಖಾಲಿಯಾದ ಮೇಲೆ.

ನಾನು 31 ವರ್ಷ ಬ್ಯಾಂಕಿನಲ್ಲಿ ದುಡಿದವನು. ಅದರಲ್ಲಿ ಬಹುಪಾಲು ಚೆಕ್ಕಿನ ಮೇಲಿನ ಸಹಿಯನ್ನು ಮಾದರಿ ಸಹಿಯೊಂದಿಗೆ ಹೋಲಿಸಿ ನೋಡುವುದರಲ್ಲೇ ಕಳೆಯಿತು. ನಿವೃತ್ತನಾದ ಮೇಲೆ ನನ್ನ ಅನುಮಾನದ ಕಣ್ಣು ಮನೆಯವರ ಮೇಲೆ ಹೊರಳಿತೆಂದು ಮಗಳಿಗೆ ಅನ್ನಿಸಿರಬೇಕು. ಅವಳು ಒಂದು ಪೆಟ್ಟಿಗೆ ಕಳುಹಿಸಿದಳು. ಅದರಲ್ಲಿ ಒಂದು ಕಲ್ಪಿತ ಕೊಲೆ, ನಾಲ್ವರು ಶಂಕಿತರು, ಅಂಕಿ ಹಾಕಿದ ಹನ್ನೆರಡು ಲಕೋಟೆಗಳು, ಕುಂಚ, ಭೂತಗನ್ನಡಿ, ಎರಡು ಪುಟ್ಟ ಸೀಸೆ, ಒಂದು ಕೈಪಿಡಿ, ಕೊನೆಯಲ್ಲಿ ಮೊಹರು ಹಾಕಿದ ಉತ್ತರದ ಲಕೋಟೆ ಇದ್ದವು. ತಯಾರಕರ ಹೆಸರು ಇಲ್ಲಿ ಬೇಡ. ಹೊಗಳಿಕೆಗಿಂತ ದೂರು ಹೆಚ್ಚಾಗಲಿದೆ. ಹೆಸರಿಲ್ಲದ ವಿಮರ್ಶೆಯಿಂದ ಏನು ಪ್ರಯೋಜನ ಎಂದು ಕೇಳಿದರೆ, ಇಂಥ ಯಾವ ಪೆಟ್ಟಿಗೆಯನ್ನು ಕೊಳ್ಳುವಾಗಲೂ ಒಳಗೆ ಏನಿರಬೇಕು, ಏನಿರಬಾರದು ಎಂಬುದಾದರೂ ತಿಳಿಯುತ್ತದೆ.

ಕಥೆ ಹೀಗಿದೆ. ದೊಡ್ಡ ಮನೆಯೊಂದರ ಯಜಮಾನ ಬೆಳಿಗ್ಗೆ ತನ್ನ ಓದುವ ಕೋಣೆಯಲ್ಲಿ ಹೆಣವಾಗಿ ಬಿದ್ದಿದ್ದಾನೆ. ತಲೆಗೆ ಪೆಟ್ಟು ಬಿದ್ದಿದೆ. ಪಕ್ಕದಲ್ಲಿ ಕಂಚಿನ ಪೇಪರ್‌ವೇಟ್. ಕಿಟಕಿಯ ಗಾಜು ಒಡೆದಿದೆ. ಶಂಕಿತರಿಗೆ ಹೆಸರಿಡುವ ಗೋಜಿಗೆ ಹೋಗದೆ ಅ, ಆ, ಇ, ಈ ಎಂದು ಕರೆದಿದ್ದಾರೆ. ‘ಅ’ ಮನೆಯಲ್ಲೇ ಇರುವ ಅಳಿಯ, ‘ಆ’ ವ್ಯಾಪಾರದ ಪಾಲುದಾರ, ‘ಇ’ ಕೆಲಸ ಕಳೆದುಕೊಂಡ ಲೆಕ್ಕಿಗ, ‘ಈ’ ಪಕ್ಕದ ಮನೆಯಾತ. ಈ ವರ್ಣಮಾಲೆಯ ಏರ್ಪಾಡು ನನಗೆ ಹಿಡಿಸಿತು.

ಹಿಡಿಸದೇ ಹೋದದ್ದು ಕೈಪಿಡಿಯ ಮೊದಲ ಹದಿನಾಲ್ಕು ಪುಟ. ಲಕೋಟೆ ತೆರೆಯುವ ಮೊದಲು ಅಷ್ಟನ್ನೂ ಓದಲೇಬೇಕೆಂದು ಕಟ್ಟಪ್ಪಣೆ ಇದೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಲೆಕ್ಕಿಗನಿಗೆ ‘ಕಳ್ಳನೋಟ’ ಬಂದಿದೆ. ಐದನೆಯ ಪುಟದಲ್ಲಿ ಅವನು ಯಜಮಾನನಿಗೆ ಬೆದರಿಕೆ ಹಾಕಿದ್ದಾನೆ. ಇಷ್ಟೆಲ್ಲ ಹೇಳಿಯಾದ ಮೇಲೆ ಅವನ ಬೆರಳಚ್ಚನ್ನು ನನ್ನ ಕೈಗೆ ಕೊಟ್ಟು ‘ಹೊಂದುತ್ತದೆಯೇ ನೋಡಿ’ ಎಂದರೆ ನಾನು ಏನು ಹೇಳಬೇಕು?

ಈ ಬಗೆಯ ಮೋಸಕ್ಕೆ ನಾನೇ ಒಮ್ಮೆ ಸಿಕ್ಕಿಬಿದ್ದಿದ್ದೆ. ವರ್ಷಗಳ ಪರಿಚಯದ ಮನುಷ್ಯನೊಬ್ಬ ತನ್ನ ಅಣ್ಣನ ಚೆಕ್ ತಂದಿದ್ದ. ಸಹಿಯ ಕೊನೆಯ ಸುಳಿ ಸ್ವಲ್ಪ ಬೇರೆಯಾಗಿತ್ತು. ಅಣ್ಣನಿಗೆ ಮೈ ಸರಿಯಿಲ್ಲ, ಕೈ ನಡುಗುತ್ತದೆ ಎಂದ. ಆ ಮಾತು ಕಿವಿಗೆ ಬಿದ್ದ ಮೇಲೆ ನನಗೆ ಸಹಿಯಲ್ಲಿ ನಡುಕವೇ ಕಾಣಿಸಿತು. ಹಣ ಕೊಟ್ಟುಬಿಟ್ಟೆ. ಸಹಿ ತಮ್ಮನದೇ ಆಗಿತ್ತು. ಅಂದಿನಿಂದ ಚೆಕ್ ತಂದವರ ಮುಖ ನೋಡುವ ಮೊದಲು ಸಹಿ ನೋಡುವುದನ್ನು ರೂಢಿಸಿಕೊಂಡೆ.

ಆದ್ದರಿಂದ ಕೈಪಿಡಿಯನ್ನು ಅಲ್ಲಿಗೇ ಮುಚ್ಚಿಟ್ಟು ಹೆಂಡತಿಯನ್ನು ಕರೆದೆ. ಎಲ್ಲ ಮಾದರಿ ಕಾರ್ಡುಗಳ ಹೆಸರಿನ ಮೇಲೆ ಕಾಗದ ಅಂಟಿಸಿ, ತನಗೆ ಬೇಕಾದ ಅಂಕಿಗಳನ್ನು ಹಾಕಿ, ಯಾವುದು ಯಾರದೆಂಬ ಪಟ್ಟಿಯನ್ನು ತನ್ನ ಬಳಿ ಇಟ್ಟುಕೊಳ್ಳಬೇಕು ಎಂದೆ. “ಆಟದಲ್ಲೂ ನಿಮಗೆ ನಂಬಿಕೆ ಇಲ್ಲವೇನ್ರೀ?” ಎಂದಳು. ಆದರೆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟಳು. ಪಟ್ಟಿಯನ್ನು ಎಲ್ಲಿಟ್ಟಿದ್ದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇದು ನನ್ನೊಬ್ಬನ ಹಟ ಎಂದುಕೊಳ್ಳಬೇಡಿ. 2004ರಲ್ಲಿ ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸಿಡಿದಾಗ, ಸ್ಪೇನ್ ಪೊಲೀಸರಿಗೆ ಸಿಕ್ಕ ಚೀಲವೊಂದರ ಮೇಲಿನ ಬೆರಳಚ್ಚು ಅಮೆರಿಕದ ಒಬ್ಬ ವಕೀಲನದೆಂದು ಎಫ್‌ಬಿಐ ಪರಿಣತರು ಹೇಳಿದರು. ಒಬ್ಬರಲ್ಲ, ಒಬ್ಬರ ನಂತರ ಒಬ್ಬರಂತೆ ಮೂವರು. ವಕೀಲ ಎರಡು ವಾರ ಬಂಧನದಲ್ಲಿದ್ದ. ಕೊನೆಗೆ ಆ ಗುರುತು ಅಲ್ಜೀರಿಯಾದ ಬೇರೊಬ್ಬನದೆಂದು ಸ್ಪೇನಿನವರು ಪತ್ತೆ ಹಚ್ಚಿದರು. ಮೊದಲನೆಯವನ ಅಭಿಪ್ರಾಯ ತಿಳಿದ ಮೇಲೆ ಎರಡನೆಯವನ ಕಣ್ಣು ಸ್ವತಂತ್ರವಾಗಿ ಉಳಿಯುವುದು ಕಷ್ಟ. ಬ್ಯಾಂಕಿನಲ್ಲಿ ಎರಡನೆಯ ಸಹಿ ಹಾಕುವವರು ಮೊದಲನೆಯ ಸಹಿ ಇದೆಯೇ ಎಂದಷ್ಟೇ ನೋಡುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಇನ್ನು ಬೆರಳಚ್ಚು. ಪೆಟ್ಟಿಗೆಯ ಕುಂಚ ಒಳ್ಳೆಯದು, ಕೂದಲು ಮೃದುವಾಗಿದೆ. ಅದನ್ನು ಗಾಜಿಗೆ ತಿಕ್ಕಬಾರದು. ಬೆರಳುಗಳ ನಡುವೆ ಹಿಡಿದು ತಿರುಗಿಸುತ್ತಾ ತುದಿಯನ್ನು ಮಾತ್ರ ತಾಗಿಸಬೇಕು. ಬೆವರು ಮತ್ತು ಜಿಡ್ಡು ಬಿಟ್ಟ ಗೆರೆಗಳಿಗೆ ಪುಡಿ ಅಂಟಿಕೊಳ್ಳುತ್ತದೆ, ನಡುವಿನ ತೋಡುಗಳು ಖಾಲಿ ಉಳಿಯುತ್ತವೆ. ಪುಡಿ ಹೆಚ್ಚಾದರೆ ತೋಡುಗಳೂ ತುಂಬಿ ಇಡೀ ಗುರುತು ಮಸಿಯ ಚುಕ್ಕೆಯಾಗುತ್ತದೆ. ನನ್ನ ಮೊದಲ ಹನ್ನೊಂದು ಗುರುತುಗಳು ಹೀಗೆ ಹಾಳಾದವು. ಹನ್ನೆರಡನೆಯದು ಎದ್ದಾಗ, ಪಾರದರ್ಶಕ ಟೇಪಿನಿಂದ ಅದನ್ನು ಎತ್ತಿ ಬಿಳಿ ಕಾರ್ಡಿಗೆ ಅಂಟಿಸಿ ಭೂತಗನ್ನಡಿಯ ಕೆಳಗಿಟ್ಟೆ. ನನ್ನ ಬೆರಳಿನಲ್ಲೇ ಇಷ್ಟು ಕವಲು, ಇಷ್ಟು ಕುಣಿಕೆ ಇರುವುದನ್ನು ಇಷ್ಟು ವಯಸ್ಸಾದರೂ ನಾನು ನೋಡಿರಲಿಲ್ಲ. ಗೆರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಎರಡಾಗಿ ಸೀಳುತ್ತದೆ, ಒಂದಕ್ಕೊಂದು ಎಷ್ಟು ದೂರದಲ್ಲಿವೆ ಎಂಬುದನ್ನು ಗುರುತಿಸುವುದೇ ಹೋಲಿಕೆಯ ಕೆಲಸ. ಬರೀ ಕುಣಿಕೆ ಇದೆ ಎಂದರೆ ಏನೂ ಹೇಳಿದಂತಲ್ಲ, ಹೆಚ್ಚಿನವರ ಬೆರಳುಗಳಲ್ಲಿ ಕುಣಿಕೆಯೇ ಇರುವುದು. ಈ ಭಾಗಕ್ಕೆ ನನ್ನಿಂದ ಪೂರ್ತಿ ಅಂಕ. ಆದರೆ ಪುಡಿಯಿಂದ ಕೆಲಸ ನಡೆಯುವುದು ಗಾಜು, ಲೋಹದಂಥ ನುಣುಪು ಮೈಯ ಮೇಲೆ. ಕಾಗದ ಬೆವರನ್ನು ಹೀರಿಕೊಳ್ಳುತ್ತದೆ, ಅದಕ್ಕೆ ಬೆವರಿನ ಅಮೈನೋ ಆಮ್ಲಗಳ ಜೊತೆ ಸೇರಿ ನೇರಳೆ ಬಣ್ಣ ತರುವ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಬೇಕು. ಕೈಪಿಡಿ ಇದನ್ನು ಹೇಳುವುದೇ ಇಲ್ಲ. ಒಂದು ಮಧ್ಯಾಹ್ನವಿಡೀ ಹಳೆಯ ಲೆಡ್ಜರ್ ಪುಟಕ್ಕೆ ಪುಡಿ ಬಳಿದು ಕೂತಿದ್ದೆ.

ಬೆರಳಚ್ಚಿನ ಚರಿತ್ರೆಗೆ ಮೀಸಲಿಟ್ಟ ಅರ್ಧ ಪುಟದಲ್ಲಿ, ಗುರುತುಗಳನ್ನು ವಿಂಗಡಿಸಿಡುವ ಪದ್ಧತಿಗೆ ತನ್ನ ಹೆಸರು ಕೊಟ್ಟ ಬಂಗಾಳದ ಬ್ರಿಟಿಷ್ ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರೊಂದೇ ಇದೆ. ಆ ವರ್ಗೀಕರಣ ಪದ್ಧತಿಯ ಗಣಿತವನ್ನು ಕಟ್ಟಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಕೈಪಿಡಿಯಲ್ಲಿ ಎಲ್ಲೂ ಇಲ್ಲ. ಪುಸ್ತಕ ಬರೆದವನು ಅಧಿಕಾರಿ, ಲೆಕ್ಕ ಮಾಡಿದವರು ಅವನ ಕೈಕೆಳಗಿನ ನೌಕರರು. ಗುಮಾಸ್ತನಾಗಿದ್ದವನಿಗೆ ಇದು ಹೊಸದಲ್ಲ, ಆದರೂ ಸಿಟ್ಟು ಬಂತು.

ಕಿಟಕಿಯ ಒಳಗಿನ ಗಾಜಿನ ಮೇಲೆ ಸಿಕ್ಕಿದ ಗುರುತು ನಾಲ್ಕು ಕಾರ್ಡುಗಳಲ್ಲಿ ಮೂರನೆಯದಕ್ಕೆ ಹೊಂದಿತು. ಹೆಂಡತಿ ಪಟ್ಟಿ ನೋಡಿ, ಅದು ಇ ಎಂಬ ಲೆಕ್ಕಿಗನದು ಎಂದಳು. ಕೈಪಿಡಿ ಇಲ್ಲಿ ಚಪ್ಪಾಳೆ ತಟ್ಟುತ್ತದೆ. ನಾನು ತಟ್ಟಲಿಲ್ಲ. ಅವನು ಆ ಮನೆಗೆ ವರ್ಷಗಟ್ಟಲೆ ಬಂದುಹೋದವನು. ಬೆರಳಚ್ಚಿನ ಮೇಲೆ ದಿನಾಂಕದ ಮುದ್ರೆ ಇರುವುದಿಲ್ಲ. ಅರ್ಜೆಂಟೀನಾದಲ್ಲಿ 1892ರಲ್ಲಿ ಫ್ರಾನ್ಸಿಸ್ಕಾ ರೋಹಾಸ್ ಎಂಬ ತಾಯಿ ತನ್ನಿಬ್ಬರು ಮಕ್ಕಳನ್ನು ಕೊಂದು ಪರಿಚಯದವನೊಬ್ಬನ ಮೇಲೆ ಆರೋಪ ಹೊರಿಸಿದಾಗ, ಬಾಗಿಲಿನ ಮರದ ಮೇಲಿದ್ದ ಹೆಬ್ಬೆರಳ ಗುರುತಿನಿಂದ ಸಿಕ್ಕಿಬಿದ್ದಳು. ಅವಳು ಆ ಮನೆಯವಳೇ, ಬಾಗಿಲ ಮೇಲೆ ಅವಳ ಗುರುತಿದ್ದರೆ ಏನು ವಿಶೇಷ? ವಿಶೇಷವೆಂದರೆ ಆ ಗುರುತು ರಕ್ತದಲ್ಲಿ ಮೂಡಿತ್ತು. ರಕ್ತ ಹರಿದ ಮೇಲೆಯೇ ಆ ಕೈ ಅಲ್ಲಿಗೆ ತಾಗಿದೆ. ಅಧಿಕಾರಿ ಆ ಮರದ ತುಂಡನ್ನೇ ಕೊಯ್ದು ತೆಗೆದುಕೊಂಡು ಹೋದ. ಇಂಥ ಒಂದು ಗುರುತನ್ನು ಈ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಒಗಟಿಗೆ ಬೆನ್ನೆಲುಬು ಬರುತ್ತಿತ್ತು.

ನಾಲ್ಕನೆಯ ಲಕೋಟೆ ತೆರೆದಾಗ ಮಾತ್ರ ನಾನು ಬ್ಯಾಂಕಿಗೆ ಮರಳಿದಂತಾಯಿತು. ಬೇರೆ ಯಾರಾದರೂ ಅದನ್ನು ಬಿಸಾಡಿಬಿಡುತ್ತಿದ್ದರೋ ಏನೋ. ಅದರಲ್ಲಿದ್ದದ್ದು ಹತ್ತು ಕಾಗದದ ಚೀಲ, ಮೊಹರಿನ ಚೀಟಿಗಳು, ಮತ್ತು ಗೆರೆ ಎಳೆದ ಒಂದು ದಾಖಲೆ ಪುಸ್ತಕ. ವಸ್ತುವಿನ ಕ್ರಮಸಂಖ್ಯೆ, ಎಲ್ಲಿ ಸಿಕ್ಕಿತು, ಎತ್ತಿಕೊಂಡವರು, ಒಪ್ಪಿಸಿದವರು, ಪಡೆದವರು, ದಿನಾಂಕ, ವೇಳೆ, ಸಹಿ. ನಗದು ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಬಳಿ ಒಂದೊಂದು, ಒಬ್ಬನು ರಜೆ ಹಾಕಿದರೆ ಕೈ ಬದಲಾದದ್ದಕ್ಕೂ ಸಹಿ. 31 ವರ್ಷ ನಾನು ಬದುಕಿದ್ದೇ ಈ ಗೆರೆಗಳ ನಡುವೆ. ಕೊಲೆಯ ಸಾಕ್ಷ್ಯಕ್ಕೂ ಇದೇ ಶಿಸ್ತು ಎಂದು ತಿಳಿದು ಒಂದು ರೀತಿಯ ಹೆಮ್ಮೆಯಾಯಿತು. ಚೀಲ ಕಾಗದದ್ದೇ ಏಕೆ ಎಂಬುದನ್ನು ಕೈಪಿಡಿ ಸರಿಯಾಗಿ ವಿವರಿಸಿದೆ. ರಕ್ತ ತಾಗಿದ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಕೆಡುತ್ತದೆ. ನೆರಳಿನಲ್ಲಿ ಆರಿಸಿ ಕಾಗದದಲ್ಲಿ ಕಟ್ಟಬೇಕು.

ನನ್ನ ತಮ್ಮನ ಮಗ ಕಾನೂನು ಓದುತ್ತಿದ್ದಾನೆ. ಎರಡನೆಯ ಭಾನುವಾರ ಬಂದವನು ದಾಖಲೆ ಪುಸ್ತಕ ತಿರುವಿ ಹಾಕಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪಾಟೀಸವಾಲು ಶುರುಮಾಡಿದ.

“ದೊಡ್ಡಪ್ಪ, ಏಳನೆಯ ವಸ್ತು ಮಂಗಳವಾರ ರಾತ್ರಿ ಎಲ್ಲಿತ್ತು?”

“ನನ್ನ ಮೇಜಿನ ಡ್ರಾಯರ್‌ನಲ್ಲಿ.”

“ಬೀಗ?”

“ಆ ಡ್ರಾಯರ್‌ಗೆ ಬೀಗವಿಲ್ಲ.”

“ಪುಸ್ತಕದಲ್ಲಿ ಮಂಗಳವಾರದ ಸಾಲೇ ಇಲ್ಲ. ಸಂಜೆ ದೊಡ್ಡಮ್ಮ ಮೇಜು ಒರೆಸಿದ್ದಾರೆ. ನನ್ನ ಕಕ್ಷಿದಾರರನ್ನು ಮನೆಗೆ ಕರೆದುಕೊಂಡು ಹೋಗಬಹುದಲ್ಲವೇ?”

ಕೊಲೆಗಾರ ಒಂದು ಸಾಲಿನ ಬಿಟ್ಟುಹೋದ ಸಹಿಯಿಂದ ಪಾರಾಗಬಹುದು ಎಂದು ಅಷ್ಟು ಹೊತ್ತಿಗೆ ನನಗೂ ಗೊತ್ತಿತ್ತು. ಆದರೆ ಕುರ್ಚಿಯಲ್ಲಿ ಕೂತಾಗ ಮೈ ಬಿಸಿಯಾದದ್ದು ಬೇರೆ.

ರಕ್ತದ ಪರೀಕ್ಷೆಯ ಲಕೋಟೆಯಲ್ಲಿ ಕೈಪಿಡಿ ಅಪಾಯಕಾರಿಯಾಗಿ ತಪ್ಪು ಹೇಳುತ್ತದೆ. ಎರಡು ಸೀಸೆಗಳು: ಬಣ್ಣ ಕಳೆದ ಫಿನಾಲ್ಫ್ತಲೀನ್ ದ್ರಾವಣ, ಹೈಡ್ರೋಜನ್ ಪೆರಾಕ್ಸೈಡ್. ಇದು ಕ್ಯಾಸಲ್-ಮೇಯರ್ ಪರೀಕ್ಷೆ. ಕಲೆಯನ್ನು ಹತ್ತಿಯ ಕಡ್ಡಿಗೆ ತಾಗಿಸಿ ಎರಡೂ ಹನಿಗಳನ್ನು ಹಾಕಿದರೆ, ರಕ್ತದ ಹೀಮೋಗ್ಲೋಬಿನ್ ಇದ್ದಾಗ ಕಡುಗುಲಾಬಿ ಬಣ್ಣ ಬರುತ್ತದೆ. ‘ಗುಲಾಬಿಯಾದರೆ ಅದು ರಕ್ತ’ ಎಂದು ಕೈಪಿಡಿ ಬರೆದಿದೆ. ನಾನು ಬೆರಳು ಚುಚ್ಚಿಕೊಂಡು ಪರೀಕ್ಷಿಸಿದೆ, ಬಣ್ಣ ಬಂತು. ಆಮೇಲೆ ಬ್ಲೀಚಿಂಗ್ ಪುಡಿಯಲ್ಲಿ ಒಗೆದ ಚಿಂದಿಯನ್ನು ಪರೀಕ್ಷಿಸಿದೆ. ಅದೂ ಗುಲಾಬಿಯಾಯಿತು, ಅದೂ ಮೊದಲನೆಯ ಹನಿಗೇ! ಇಲ್ಲಿದೆ ಕೈಪಿಡಿ ನುಂಗಿದ ವಿಷಯ. ಮೊದಲ ದ್ರಾವಣ ಹಾಕಿ ಕೆಲವು ಕ್ಷಣ ಕಾಯಬೇಕು. ಆಗಲೇ ಬಣ್ಣ ಬಂದರೆ ಅದು ಬ್ಲೀಚಿಂಗ್ ಪುಡಿಯಂಥ ವಸ್ತುವಿನ ಕೆಲಸ. ಪೆರಾಕ್ಸೈಡ್ ಬಿದ್ದ ಮೇಲೆ, ಅದೂ ಕೂಡಲೇ ಬಂದ ಬಣ್ಣಕ್ಕೆ ಮಾತ್ರ ಬೆಲೆ. ತಡವಾಗಿ ಬಂದದ್ದನ್ನು ಎಣಿಸಬಾರದು, ಬಿಟ್ಟರೆ ದ್ರಾವಣ ತಾನಾಗಿಯೇ ಗುಲಾಬಿಯಾಗುತ್ತದೆ. ಎಲ್ಲ ಸರಿಯಾಗಿ ಬಂದರೂ ಹೇಳಬಹುದಾದದ್ದು ‘ರಕ್ತವಿರಬಹುದು’ ಎಂದಷ್ಟೆ. ಅದು ಮನುಷ್ಯನದೋ ಪ್ರಾಣಿಯದೋ ಈ ಬಣ್ಣಕ್ಕೆ ಗೊತ್ತಿಲ್ಲ.

ಅದನ್ನು ತಿಳಿಯುವ ದಾರಿಯನ್ನು 1901ರಲ್ಲಿ ಪಾಲ್ ಉಲೆನ್‌ಹುತ್ ಎಂಬ ಜರ್ಮನ್ ವಿಜ್ಞಾನಿ ತೋರಿಸಿದ. ಅದೇ ವರ್ಷ ಲುಡ್ವಿಗ್ ಟೆಸ್ನೋ ಎಂಬ ಬಡಗಿಯ ಮೇಲೆ ಇಬ್ಬರು ಹುಡುಗರನ್ನು ಕೊಂದ ಅನುಮಾನ ಬಂತು. ಬಟ್ಟೆಯ ಮೇಲಿನ ಕಲೆಗಳು ಮರಕ್ಕೆ ಹಚ್ಚುವ ಬಣ್ಣದವು ಎಂದು ಅವನು ಸಾಧಿಸಿದ. ಆ ಕಾಲಕ್ಕೆ ಅದನ್ನು ಸುಳ್ಳೆನ್ನುವುದು ಸುಲಭವಿರಲಿಲ್ಲ. ಉಲೆನ್‌ಹುತ್ ಪರೀಕ್ಷಿಸಿದಾಗ ಕೆಲವು ಕಲೆಗಳು ಕುರಿಯ ರಕ್ತ, ಕೆಲವು ಮನುಷ್ಯನ ರಕ್ತ ಎಂದು ಗೊತ್ತಾಯಿತು. ಕೆಲವು ವಾರಗಳ ಹಿಂದೆ ಅದೇ ಸೀಮೆಯಲ್ಲಿ ಯಾರೋ ಕುರಿಗಳನ್ನು ಕತ್ತರಿಸಿ ಹಾಕಿದ್ದರು. ಒಂದೇ ಅಂಗಿಯ ಮೇಲೆ ಎರಡು ಅಪರಾಧಗಳು.

ಸಾವಿನ ವೇಳೆಯ ಲಕೋಟೆಯನ್ನು ನೋಡಿ ನನಗೆ ನಗು ಬಂತು. ಶವದ ಉಷ್ಣತೆ 31.4 ಡಿಗ್ರಿ, ಕೋಣೆಯದು 22 ಡಿಗ್ರಿ, ಒಂದು ಕೋಷ್ಟಕ. ಉತ್ತರ: ‘ಕೊಲೆ ನಡೆದದ್ದು ರಾತ್ರಿ 11 ಗಂಟೆ 40 ನಿಮಿಷಕ್ಕೆ.’ ನಲವತ್ತು ನಿಮಿಷವಂತೆ! ನಾನು ರಬ್ಬರಿನ ಎರಡು ಬಿಸಿನೀರಿನ ಚೀಲಗಳಲ್ಲಿ 37 ಡಿಗ್ರಿಯ ನೀರು ತುಂಬಿಸಿ, ಒಂದನ್ನು ಬರಿಯ ಮೇಜಿನ ಮೇಲೆ, ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿ ಇಟ್ಟೆ. ಎರಡು ಗಂಟೆಯ ನಂತರ ಒಂದು 29ಕ್ಕೆ ಇಳಿದಿತ್ತು, ಇನ್ನೊಂದು 34ರಲ್ಲಿತ್ತು. ಎರಡಕ್ಕೂ ‘ಸಾವು’ ಬಂದದ್ದು ಒಂದೇ ಹೊತ್ತಿಗೆ. ನೀರಿನ ಚೀಲ ಹೆಣವಲ್ಲ, ಒಪ್ಪುತ್ತೇನೆ. ಆದರೆ ಹೊದಿಕೆ, ಮೈಯ ಕೊಬ್ಬು, ಗಾಳಿ, ನೆಲದ ತಂಪು ಇವೆಲ್ಲ ಸೇರಿ ನಿಜವಾದ ಹೆಣದ ಲೆಕ್ಕವನ್ನೂ ಹೀಗೆಯೇ ಏರುಪೇರು ಮಾಡುತ್ತವೆ. ಮೈ ಸೆಟೆಯುವುದು ಸಾವಿನ ಕೆಲವು ಗಂಟೆಗಳ ನಂತರ ದವಡೆ, ಕತ್ತಿನಂಥ ಕಡೆ ಮೊದಲು ಗೊತ್ತಾಗುತ್ತದೆ, ಆಮೇಲೆ ಇಡೀ ಮೈಗೆ ಬಂದು, ಮತ್ತೆ ಸಡಿಲವಾಗುತ್ತದೆ. ರಕ್ತ ಕೆಳಭಾಗಕ್ಕೆ ಇಳಿದು ನಿಂತು ಚರ್ಮ ಕಪ್ಪಿಡುತ್ತದೆ. ಹೆಣ ಅಂಗಾತ ಬಿದ್ದಿದ್ದು ಕಪ್ಪು ಎದೆಯ ಮೇಲಿದ್ದರೆ ಯಾರೋ ಅದನ್ನು ಆಮೇಲೆ ಹೊರಳಿಸಿದ್ದಾರೆ ಎಂದರ್ಥ. ಇವೆಲ್ಲವನ್ನೂ ಒಟ್ಟಿಗೆ ತೂಗಿ ವೈದ್ಯರು ಹೇಳುವುದು ‘ಇಂಥ ಹೊತ್ತಿನಿಂದ ಇಂಥ ಹೊತ್ತಿನ ನಡುವೆ’ ಎಂದು, ಕೆಲವು ಗಂಟೆಗಳ ಅಂತರ ಬಿಟ್ಟೇ. ಆ ಅಂತರದಲ್ಲಿ ಯಾರು ಎಲ್ಲಿದ್ದರು ಎಂದು ಹುಡುಕುವುದು ಪೊಲೀಸರ ಕಾಲಿನ ಕೆಲಸ.

ಸಣ್ಣಪುಟ್ಟವು ಬೇಗ ಮುಗಿಸುತ್ತೇನೆ. ಹುಳುವಿನ ಲಕೋಟೆಯಲ್ಲಿ ರಬ್ಬರಿನ ಮರಿಹುಳುಗಳಿವೆ. ನೊಣ ಮೊಟ್ಟೆಯಿಟ್ಟು ಎಷ್ಟು ದಿನವಾಯಿತೆಂದು ಅವುಗಳ ಉದ್ದ ಅಳೆದು ಹೇಳಬೇಕು. ಹೆಂಡತಿ ಆ ಲಕೋಟೆಯನ್ನು ಮನೆಯೊಳಗೆ ತೆರೆಯಗೊಡಲಿಲ್ಲ. ಮೆಟ್ಟಿಲ ಮೇಲೆ ಕೂತು ಮುಗಿಸಿದೆ. ಚೀನಾದ ನ್ಯಾಯಾಧಿಕಾರಿ ಸೋಂಗ್ ತ್ಸು 1247ರಲ್ಲೇ ಬರೆದಿಟ್ಟ ಪ್ರಸಂಗವೊಂದಿದೆ. ಕೊಲೆಯಾದ ಹಳ್ಳಿಯಲ್ಲಿ ಎಲ್ಲರ ಕುಡುಗೋಲುಗಳನ್ನೂ ನೆಲದ ಮೇಲೆ ಇರಿಸಿದಾಗ, ತೊಳೆದಿದ್ದರೂ ರಕ್ತದ ವಾಸನೆ ಉಳಿದಿದ್ದ ಒಂದೇ ಕುಡುಗೋಲಿಗೆ ನೊಣ ಮುತ್ತಿದವು. ರಬ್ಬರಿನ ಹುಳುಗಳ ಬದಲು ಈ ಕಥೆಯನ್ನು ಹಾಕಿದ್ದರೆ ಸಾಕಿತ್ತು. ಗುಂಡಿನ ಲಕೋಟೆಯಲ್ಲಿ ಎರಡು ಚಿತ್ರಗಳಷ್ಟೆ. ತಲೆಗೆ ಪೆಟ್ಟು ಬಿದ್ದು ಸತ್ತವನ ಪ್ರಕರಣದಲ್ಲಿ ಗುಂಡು ಏಕೆ ಬಂತೋ ತಯಾರಕರನ್ನೇ ಕೇಳಬೇಕು.

ಗಾಜಿನ ಲಕೋಟೆ ಮಾತ್ರ ಬಲು ಸೊಗಸು. ಎರಡು ಗಾಜಿನ ಚೂರು, ಒಂದು ಪುಟ್ಟ ಬಾಟಲಿ ಎಣ್ಣೆ. ಕಿಟಕಿಯಿಂದ ಬಂದದ್ದೆಂಬ ಚೂರನ್ನು ಎಣ್ಣೆಯಲ್ಲಿ ಬಿಟ್ಟೆ, ಮಾಯವಾಯಿತು! ಬಾಟಲಿಯ ತಳದಲ್ಲೇ ಇದೆ, ಕಡ್ಡಿಗೆ ತಗಲುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾಜೂ ಎಣ್ಣೆಯೂ ಬೆಳಕನ್ನು ಒಂದೇ ಪ್ರಮಾಣದಲ್ಲಿ ಬಾಗಿಸಿದರೆ ಅಂಚು ಕಾಣಿಸುವುದಿಲ್ಲ. ಒಬ್ಬ ಶಂಕಿತನ ಕೋಟಿನಿಂದ ಬಂದ ಚೂರೂ ಹಾಗೆಯೇ ಮಾಯವಾಯಿತು. ಗಾಜು ಒಡೆದಾಗ ಕೆಲವು ಚೂರುಗಳು ಹೊಡೆದವನ ಕಡೆಗೇ ಹಿಂದಕ್ಕೆ ಚಿಮ್ಮುತ್ತವೆ. ಮೈಗೆ ಬಿದ್ದದ್ದು ಅವನಿಗೆ ಗೊತ್ತೂ ಆಗುವುದಿಲ್ಲ. ಕೋಟು ಯಾರದು ಎಂದು ಹೆಂಡತಿ ಪಟ್ಟಿ ನೋಡಿದರೆ ಮತ್ತೆ ‘ಇ’. ಈ ಬಾರಿ ನಾನು ತಲೆಯಾಡಿಸಿದೆ. ಬೆರಳಚ್ಚು ವರ್ಷಗಳ ಹಿಂದಿನದಿರಬಹುದು, ಆದರೆ ಕಿಟಕಿ ಒಡೆದದ್ದು ಆ ರಾತ್ರಿ. ಆದರೂ ಅಂಥ ಗಾಜು ಊರಲ್ಲಿ ಆ ಕಿಟಕಿಗೊಂದೇ ಇದೆಯೇ ಎಂಬ ಪ್ರಶ್ನೆ ಉಳಿಯುತ್ತದೆ.

ಒಂಬತ್ತನೆಯ ಲಕೋಟೆಗಾಗಿಯೇ ನಾನು ಕಾದಿದ್ದೆ: ಸಹಿ. ಯಜಮಾನನ ಹೆಸರಿನಲ್ಲಿ ಹಣ ವರ್ಗಾವಣೆಯ ಪತ್ರ, ಅದರ ಮೇಲೊಂದು ಸಹಿ, ಪಕ್ಕದಲ್ಲಿ ಮೂರು ಅಸಲು ಮಾದರಿಗಳು. ಭೂತಗನ್ನಡಿ ಹಿಡಿದು ಪತ್ರವನ್ನು ದೀಪಕ್ಕೆ ಓರೆಯಾಗಿ ಹಿಡಿದೆ. ಏನೂ ಇಲ್ಲ. ಎಲ್ಲವನ್ನೂ ಮುದ್ರಣ ಯಂತ್ರದಲ್ಲಿ ಅಚ್ಚು ಹಾಕಿದ್ದಾರೆ! ಸಹಿ ಎಂದರೆ ಬರೀ ಆಕಾರವಲ್ಲ. ಲೇಖನಿ ಎಲ್ಲಿ ಒತ್ತಿತು, ಎಲ್ಲಿ ಹಗುರವಾಯಿತು, ಎಲ್ಲಿ ಎತ್ತಿ ಮತ್ತೆ ಇಟ್ಟರು, ಕಾಗದದ ಹಿಂಬದಿಯಲ್ಲಿ ಉಬ್ಬು ಇದೆಯೇ ಎಂಬುದನ್ನೆಲ್ಲ ನೋಡಬೇಕು. ನಕಲು ಮಾಡುವವನು ಬರೆಯುವುದಿಲ್ಲ, ಚಿತ್ರ ಬಿಡಿಸುತ್ತಾನೆ. ಅದಕ್ಕೇ ಗೆರೆಯ ಆರಂಭವೂ ಅಂತ್ಯವೂ ಮೊಂಡಾಗಿರುತ್ತವೆ. ಅಚ್ಚಿನಲ್ಲಿ ಇದೆಲ್ಲವೂ ಸತ್ತಿದೆ. ಉಳಿದದ್ದು ಆಕಾರವೊಂದೇ, ಅದರಿಂದಲೇ ಕೆಲಸ ನಡೆಸಿದೆ. ತೆಳು ಕಾಗದದಲ್ಲಿ ನಕ್ಷೆ ತೆಗೆದು ಎರಡನೆಯ ಮಾದರಿಯ ಮೇಲಿಟ್ಟರೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂಡಿತು. ಹೊಸಬರು ಇದನ್ನು ನೋಡಿ ‘ಅಸಲು’ ಎನ್ನುತ್ತಾರೆ. ನನ್ನಂಥವರು ಇಲ್ಲೇ ನಿಲ್ಲುತ್ತಾರೆ. ಒಬ್ಬ ಮನುಷ್ಯ ಎರಡು ಸಲ ಒಂದೇ ಥರ ಸಹಿ ಹಾಕುವುದಿಲ್ಲ. ಪೂರ್ತಿ ಕೂಡುವ ಸಹಿ ಕೆಳಗೆ ಅಸಲನ್ನಿಟ್ಟು ತಿದ್ದಿ ತೆಗೆದದ್ದು.

ಕೈಪಿಡಿಗೂ ಇದು ಗೊತ್ತಿದೆ, ಅಷ್ಟರ ಮಟ್ಟಿಗೆ ಮೆಚ್ಚಿದೆ. ಆದರೆ ಮುಂದಿನ ಪುಟದಲ್ಲೇ, ಬಲಕ್ಕೆ ವಾಲಿದ ಅಕ್ಷರ ಕೋಪಿಷ್ಠನ ಲಕ್ಷಣ, ಕೆಳಗಿಳಿಯುವ ಸಾಲು ಅಪರಾಧಿಯ ಮನಸ್ಸು ಎಂದೆಲ್ಲ ಬರೆದಿದ್ದಾರೆ. ಇದು ಕೈಬರಹ ಪರೀಕ್ಷೆಯಲ್ಲ, ಗಿಳಿಶಾಸ್ತ್ರ. ಆ ಪುಟವನ್ನು ಹರಿದು ಕಸದ ಬುಟ್ಟಿಗೆ ಹಾಕಿದ್ದೇನೆ. ಪೆಟ್ಟಿಗೆಯನ್ನು ಮರಳಿಸಲು ಹೋದರೆ ಆ ಪುಟವಿಲ್ಲ ಎಂದು ತಕರಾರು ಬರಬಹುದು, ಬರಲಿ.

ಡಿಎನ್‌ಎ ಲಕೋಟೆಯಲ್ಲಿ ಆರು ಜಾಗಗಳ ಅಂಕಿಗಳಿವೆ. ನಮ್ಮ ಡಿಎನ್‌ಎಯ ಕೆಲವು ಜಾಗಗಳಲ್ಲಿ ಒಂದೇ ಪುಟ್ಟ ತುಣುಕು ಹಲವು ಬಾರಿ ಮರುಕಳಿಸುತ್ತದೆ. ಎಷ್ಟು ಬಾರಿ ಎಂಬುದು ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಬರುತ್ತದೆ. ಆ ಜೋಡಿ ಅಂಕಿಗಳನ್ನು ಹೋಲಿಸಬೇಕು. ಇಷ್ಟು ಚೆನ್ನಾಗಿದೆ. ಪೇಪರ್‌ವೇಟ್ ಮೇಲಿನ ಮಾದರಿ ಇ ಜೊತೆ ಹೊಂದಿತು. ‘ಕೊಲೆಗಾರ ಸಿಕ್ಕಿದ’ ಎಂದು ಕೈಪಿಡಿ ಅಲ್ಲೇ ಷರಾ ಬರೆದುಬಿಡುತ್ತದೆ. ಅಮೆರಿಕದ ರಾಷ್ಟ್ರೀಯ ದತ್ತಾಂಶದಲ್ಲಿ ಮೊದಲು 13 ಜಾಗಗಳನ್ನು ನೋಡುತ್ತಿದ್ದರು, 2017ರಿಂದ 20. ಇಲ್ಲಿ ಆರಕ್ಕೇ ತೀರ್ಪು! ಅದೂ ಇರಲಿ. ಪೇಪರ್‌ವೇಟನ್ನು ಮುಟ್ಟಿದ್ದಾನೆ ಎನ್ನುವುದಕ್ಕೂ ಅದರಿಂದ ಹೊಡೆದಿದ್ದಾನೆ ಎನ್ನುವುದಕ್ಕೂ ನಡುವೆ ಒಂದು ಹೊಳೆಯೇ ಹರಿಯುತ್ತದೆ.

ಪೆಟ್ಟಿಗೆಯ ಹತ್ತಿಯ ಕಡ್ಡಿಗಳ ಪೊಟ್ಟಣದ ಮೇಲೆ ‘ಕ್ರಿಮಿಮುಕ್ತ’ ಎಂದಿದೆ. ಜರ್ಮನಿಯಲ್ಲಿ ಇಂಥ ಕಡ್ಡಿಗಳೇ ಪೊಲೀಸರನ್ನು ವರ್ಷಗಟ್ಟಲೆ ಅಲೆದಾಡಿಸಿದವು. 2007ರಲ್ಲಿ ಹೈಲ್‌ಬ್ರಾನ್‌ನಲ್ಲಿ ಮಹಿಳಾ ಪೊಲೀಸ್ ಒಬ್ಬರ ಕೊಲೆಯಾದ ಜಾಗವೂ ಸೇರಿ, ಸುಮಾರು 40 ಕಡೆ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಕ್ಕಿತ್ತು. ಕೊಲೆಗಾರ್ತಿಯೋ ಕಳ್ಳಿಯೋ ಎಲ್ಲವೂ ಆಗಿದ್ದಳು ಆಕೆ. 2009ರಲ್ಲಿ ತಿಳಿದದ್ದೇನೆಂದರೆ ಆ ಡಿಎನ್‌ಎ ಕಡ್ಡಿಗಳ ತಯಾರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿನದು. ಕ್ರಿಮಿ ಸತ್ತಿತ್ತು, ಡಿಎನ್‌ಎ ಉಳಿದಿತ್ತು.

ಡಿಎನ್‌ಎಯಿಂದ ಕೊಲೆ ಪತ್ತೆಯಾದ ಮೊದಲ ಪ್ರಕರಣದ ಬಗ್ಗೆ ಕೈಪಿಡಿಯಲ್ಲಿ ಎರಡೇ ಸಾಲು: ಇಂಗ್ಲೆಂಡ್, 1988, ಕಾಲಿನ್ ಪಿಚ್‌ಫೋರ್ಕ್‌ಗೆ ಜೀವಾವಧಿ. ಇಡೀ ಪ್ರಕರಣದ ಸ್ವಾರಸ್ಯವನ್ನು ಹಿಂಡಿ ಸಿಪ್ಪೆ ಇಟ್ಟಿದ್ದಾರೆ. 1983 ಮತ್ತು 1986ರಲ್ಲಿ ಲೆಸ್ಟರ್‌ಶೈರ್‌ನ ಅಕ್ಕಪಕ್ಕದ ಹಳ್ಳಿಗಳಲ್ಲಿ ಇಬ್ಬರು ಹುಡುಗಿಯರ ಕೊಲೆಯಾಯಿತು. ಪೊಲೀಸರು 17 ವರ್ಷದ ಹುಡುಗನೊಬ್ಬನನ್ನು ಹಿಡಿದರು, ಅವನು ಎರಡನೆಯ ಕೊಲೆಯನ್ನು ಒಪ್ಪಿಕೊಂಡ. ಮೊದಲನೆಯದೂ ಅವನದೇ ಎಂದು ಸಾಬೀತಾಗಲೆಂದು, ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಡಿಎನ್‌ಎ ಗುರುತಿನ ವಿಧಾನ ಕಂಡುಹಿಡಿದಿದ್ದ ಅಲೆಕ್ ಜೆಫ್ರಿಸ್ ಬಳಿ ಮಾದರಿಗಳು ಹೋದವು. ಫಲಿತಾಂಶ ಬಂತು: ಎರಡೂ ಕೊಲೆ ಒಬ್ಬನದೇ ಕೆಲಸ, ಆದರೆ ಆ ಒಬ್ಬ ಈ ಹುಡುಗನಲ್ಲ. ಹಾಗಾಗಿ ಡಿಎನ್‌ಎ ಕೊಲೆಯ ತನಿಖೆಯೊಂದಕ್ಕೆ ಇಳಿದು ಮೊದಲು ಮಾಡಿದ್ದು ತಪ್ಪೊಪ್ಪಿಗೆಯೊಂದನ್ನು ಸುಳ್ಳೆಂದು ತೋರಿಸಿ ಒಬ್ಬ ನಿರಪರಾಧಿಯನ್ನು ಬಿಡಿಸಿದ್ದು.

ಆಮೇಲೆ ಸುಮಾರು 5,000 ಗಂಡಸರ ಮಾದರಿ ತೆಗೆದರು. ಒಬ್ಬನದೂ ಹೊಂದಲಿಲ್ಲ. ಪಿಚ್‌ಫೋರ್ಕ್ ತನ್ನ ಬದಲು ಸಹೋದ್ಯೋಗಿಯೊಬ್ಬನನ್ನು ಕಳುಹಿಸಿದ್ದ. ಆ ಸಹೋದ್ಯೋಗಿ ಪಬ್ಬಿನಲ್ಲಿ ಬಾಯಿಬಿಟ್ಟ, ಕೇಳಿಸಿಕೊಂಡ ಹೆಂಗಸೊಬ್ಬಳು ಪೊಲೀಸರಿಗೆ ತಿಳಿಸಿದಳು. 1987ರ ಸೆಪ್ಟೆಂಬರಿನಲ್ಲಿ ಅವನನ್ನು ಹಿಡಿದ ಮೇಲೆ ಪ್ರಯೋಗಾಲಯದ ಕೆಲಸ ಸುಲಭವಾಯಿತು. ಬದಲಿ ಸಹಿ, ಬದಲಿ ರಕ್ತ. ಓದಿದಾಗ ನನಗೆ ನಮ್ಮ ಚೆಕ್ಕಿನ ತಮ್ಮ ನೆನಪಾದ.

ಮೂರನೆಯ ಭಾನುವಾರ ತಮ್ಮನ ಮಗನೂ ನಾನೂ ಸೇರಿ ವರದಿ ಬರೆದೆವು. ಲೆಕ್ಕಿಗ ‘ಇ’ ಓದುವ ಕೋಣೆಗೆ ಎಂದಾದರೂ ಬಂದಿದ್ದ (ಬೆರಳಚ್ಚು). ಪೇಪರ್‌ವೇಟನ್ನು ಎಂದಾದರೂ ಮುಟ್ಟಿದ್ದ (ಡಿಎನ್‌ಎ). ಆ ಕಿಟಕಿಯ ಗಾಜಿಗೆ ಹೊಂದುವ ಗಾಜು ಒಡೆದಾಗ ಹತ್ತಿರವಿದ್ದ (ಕೋಟು). ವರ್ಗಾವಣೆ ಪತ್ರದ ಸಹಿ ತಿದ್ದಿ ತೆಗೆದದ್ದು, ಆದರೆ ತಿದ್ದಿದ ಕೈ ಯಾರದೆಂದು ಸಹಿ ಹೇಳುವುದಿಲ್ಲ. ನಾಲ್ಕೂ ಸೇರಿದಾಗ ಇ ಮೇಲಿನ ಅನುಮಾನ ಬಲವಾಗಿದೆ. ಅಳಿಯ, ಪಾಲುದಾರ, ಪಕ್ಕದ ಮನೆಯಾತ ಇವರನ್ನು ಬಿಡಬಹುದು ಎನ್ನಲು ಮಾತ್ರ ಸಾಕ್ಷ್ಯ ಸಾಲದು, ಅವರ ಕೋಟುಗಳನ್ನು ಯಾರೂ ಪರೀಕ್ಷಿಸಿಯೇ ಇಲ್ಲ. “ದೊಡ್ಡಪ್ಪ, ಇವರು ಹುಡುಕಿದ್ದು ಒಬ್ಬನ ಕೋಟನ್ನು ಮಾತ್ರ” ಎಂದ ಹುಡುಗ. ಮೂರು ವಾರ ನನಗೆ ಹೊಳೆದಿರಲಿಲ್ಲ. ಹೆಸರಿನ ಮೇಲೆ ಕಾಗದ ಅಂಟಿಸಿ ನಾನು ನನ್ನ ಕಣ್ಣನ್ನು ಕಾಪಾಡಿಕೊಂಡಿದ್ದೆ. ಪೆಟ್ಟಿಗೆಯನ್ನು ತುಂಬಿಸಿದವರ ಕಣ್ಣು ಮೊದಲೇ ಒಂದು ಕಡೆ ನೆಟ್ಟಿತ್ತು.

ಉತ್ತರದ ಲಕೋಟೆ ಒಡೆದೆವು. ಒಂದೇ ಹಾಳೆ: ‘ಸಾಕ್ಷ್ಯಗಳನ್ನು ಎದುರಿಗಿಟ್ಟಾಗ ಇ ಕುಸಿದು ಬಿದ್ದು ತಪ್ಪೊಪ್ಪಿಕೊಂಡ.’ ಮುಗಿಯಿತು. ಹನ್ನೆರಡು ಲಕೋಟೆ, ಮೂರು ವಾರ, ಒಂದು ಡಬ್ಬಿ ಪುಡಿ, ಕೊನೆಗೆ ಒಂದು ತಪ್ಪೊಪ್ಪಿಗೆ. ಲೆಸ್ಟರ್‌ಶೈರ್‌ನ ಆ ಹುಡುಗನೂ ಒಪ್ಪಿಕೊಂಡಿದ್ದ. ನಾನು ಕೆಂಪು ಶಾಯಿಯ ಪೆನ್ನು ತೆಗೆದು ಹಾಳೆಯ ಮೂಲೆಯಲ್ಲಿ, ಚೆಕ್ ಹಿಂದಿರುಗಿಸುವಾಗ ಬರೆಯುತ್ತಿದ್ದ ಹಾಗೆಯೇ ಬರೆದೆ: ‘ಸಹಿ ಹೊಂದುವುದಿಲ್ಲ. ಮರಳಿಸಲಾಗಿದೆ.’

ಕೊಳ್ಳಬೇಕೇ? ಬೆರಳಚ್ಚು, ಗಾಜು ಮತ್ತು ದಾಖಲೆ ಪುಸ್ತಕ ಈ ಮೂರಕ್ಕಾಗಿ ಕೊಳ್ಳಬಹುದು. ಕೈಪಿಡಿಯ ಮೊದಲ ಹದಿನಾಲ್ಕು ಪುಟ ಓದಬೇಡಿ, ಹೆಸರುಗಳನ್ನು ಯಾರಿಂದಲಾದರೂ ಮುಚ್ಚಿಸಿ, ಹಳೆಯ ಬಟ್ಟೆ ಹಾಕಿಕೊಂಡು ಕೂರಿ. ಪುಡಿ ಮುಗಿದರೆ ಬೇರೆಯಾಗಿ ಸಿಗುವುದಿಲ್ಲ, ಕೇಳಿ ನೋಡಿದ್ದೇನೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಪೆರಾಕ್ಸೈಡ್ ಸೀಸೆಯನ್ನು ಬೀಗದಲ್ಲಿಡಿ.

ತಮ್ಮನ ಮಗ ತನ್ನ ಗೆಳೆಯರಿಗೆ ತೋರಿಸಬೇಕೆಂದು ಪೆಟ್ಟಿಗೆಯನ್ನು ಕೊಂಡೊಯ್ದ. ದಾಖಲೆ ಪುಸ್ತಕದಲ್ಲಿ ಬರೆಯದೆ ನಾನು ಬಿಡಲಿಲ್ಲ. ‘ಪಡೆದವರು’ ಎಂಬಲ್ಲಿ ಗೀಚಿ ಮೆಟ್ಟಿಲಿಳಿಯುತ್ತಿದ್ದವನನ್ನು, ವೇಳೆ ಬರೆದಿಲ್ಲವೆಂದು ಮತ್ತೆ ಮೇಲೆ ಕರೆದೆ. ಅವನು ಹೋದ ಮೇಲೆ ಹೋದ ವಾರದ ಪುಟ ತೆಗೆದು ಎರಡು ಸಹಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದಕ್ಕೊಂದು ಪೂರ್ತಿ ಕೂಡುವುದಿಲ್ಲ. ಅವನದೇ.